ಬೇಲಿಯ ಈಚೆಯಿಂದ ಓಗೊಡುವ ಇಸ್ತ್ರಿ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಇಸ್ತ್ರಿ ಅಕ್ಕ ಅಂಗಡಿಯ ತಗಡಿನ ಬಾಗಿಲನ್ನು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾಳೆ. ಪೂರ್ತಿ ಎತ್ತಿದರೆ ಅದು ಕಿರುಚಿಕೊಂಡು ಬೀದಿಯನ್ನೇ ಎಬ್ಬಿಸುತ್ತದೆ; ಮೇಲಿನ ಮನೆಯವರು ಈಗಾಗಲೇ ಒಮ್ಮೆ ಬಂದು ಜಗಳ ಆಡಿ ಹೋಗಿದ್ದಾರೆ. ಒಳಗೆ ಎರಡು ಮಂಚ ಹಿಡಿಸುವಷ್ಟು ಜಾಗ. ಅದರಲ್ಲೇ ಇಸ್ತ್ರಿಯ ಮೇಜು, ಮೇಜಿನ ಮೇಲೆ ಕಂದಿದ ಕಂಬಳಿ, ಮೂಲೆಯಲ್ಲಿ ಇದ್ದಿಲ ಡಬ್ಬ, ಗೋಡೆಯುದ್ದಕ್ಕೂ ಬಟ್ಟೆಯ ಗಂಟುಗಳು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ರಟ್ಟಿನ ಚೂರಿನಿಂದ ಗಾಳಿ ಹಾಕುತ್ತಾಳೆ. ಇದ್ದಿಲು ಕೆಂಪಗಾಗುವ ಹೊತ್ತಿಗೆ ಮಂಡಿ ಹಿಡಿದುಕೊಂಡಿರುತ್ತದೆ. “ಏಳಮ್ಮಾ ತಾಯಿ, ಏಳು, ಯಾರೂ ಎತ್ತೋರಿಲ್ಲ” ಎಂದು ತನಗೆ ತಾನೇ ಹೇಳಿಕೊಂಡು, ಮೇಜಿನ ಕಾಲು ಹಿಡಿದು ಮೇಲೇಳುತ್ತಾಳೆ.

ಅಂಗಡಿಯ ಹಿಂದೆ ಒಂದು ಕಿಟಕಿ. ಕಿಟಕಿಯಾಚೆ ತಂತಿಬೇಲಿ. ಬೇಲಿಯಾಚೆ ಬಯಲು. ಒಂದು ಕಾಲಕ್ಕೆ ಅಲ್ಲಿ ಇಟ್ಟಿಗೆ ಸುಡುತ್ತಿದ್ದರಂತೆ. ಈಗ ಅಲ್ಲಿರುವುದು ಹುಲ್ಲು, ಹುಲ್ಲಿನ ನಡುವೆ ಮೊಟ್ಟೆಯಾಕಾರದ ಒಂದು ಮಣ್ಣಿನ ದಾರಿ. ಅದನ್ನು ಯಾರೂ ಅಳತೆ ಹಿಡಿದು ಮಾಡಿದ್ದಲ್ಲ. ವರ್ಷಗಟ್ಟಲೆ ಜನ ಓಡಿ ಓಡಿ ಸವೆದದ್ದು. ಬಯಲಿನ ಗೇಟಿನ ಕೀಲಿ ಇಸ್ತ್ರಿ ಅಕ್ಕನ ಅಂಗಡಿಯ ಮೊಳೆಯಲ್ಲಿ ತೂಗುತ್ತದೆ. ಮೊದಲ ಬಟ್ಟೆ ಮೇಜಿಗೆ ಬೀಳುವ ಮುಂಚೆ ಆಕೆ ಹೋಗಿ ಗೇಟು ತೆಗೆದು ಬರಬೇಕು. ಇದಕ್ಕೆ ಯಾರೂ ಆಕೆಯನ್ನು ನೇಮಿಸಿಲ್ಲ.

“ಅವನು ಕೊಟ್ಟು ಹೋದದ್ದು” ಎನ್ನುತ್ತಾಳೆ. “ಕೊಟ್ಟು ಹೋಗಲಿಲ್ಲ ಅನ್ನಿ. ಆವತ್ತು ನನ್ನ ಕಿಟಕೀಲಿ ಇಟ್ಟು ಬಯಲೊಳಗೆ ಹೋದ. ತಿರುಗಿ ಇಸ್ಕೊಳ್ಳಲಿಲ್ಲ.”

ಅವನು ಅಂದರೆ ಆಕೆಯ ಜೊತೆ ಓದಿದವನು. ಊರಿಗೆ ಅವನು ಪಂಪು ರಿಪೇರಿಯವನು. ಬಯಲಿನಲ್ಲಿ ಓಡುವವರಿಗೆ ಮೇಷ್ಟ್ರು. ಇಸ್ತ್ರಿ ಅಕ್ಕನಿಗೆ ಮಾತ್ರ ಕೊನೆಯವರೆಗೂ ಮಿಡತೆ. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಕೂತರೆ ಅವನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ಅದಕ್ಕೇ ಆ ಹೆಸರು ಇಟ್ಟವಳೂ ಆಕೆಯೇ. ನಾಲ್ಕನೇ ಕ್ಲಾಸಿಗೆ ಆಕೆಯ ಓದು ಮುಗಿಯಿತು. ತಾಯಿಯ ಕೈ ನಡುಗಲು ಶುರುವಾಗಿ, ಇಸ್ತ್ರಿ ಪೆಟ್ಟಿಗೆ ಮಗಳ ಕೈಗೆ ಬಂತು. ಮಿಡತೆ ಇನ್ನೂ ಮೂರು ವರ್ಷ ಎಳೆದುಕೊಂಡು ಹೋದ. ಓದಿಗಲ್ಲ, ಓಟಕ್ಕೆ.

“ಅವನೇನು ಗೆದ್ದೋನಲ್ಲ” ಎಂದು ಇಸ್ತ್ರಿ ಅಕ್ಕ ಮೊದಲೇ ಹೇಳಿಬಿಡುತ್ತಾಳೆ, ಯಾರಾದರೂ ಹೆಚ್ಚು ಹೊಗಳಿಯಾರು ಎಂಬಂತೆ. “ಯಾವಾಗಲೂ ನಾಲ್ಕನೆಯವನು. ಮೂರು ಜನಕ್ಕೆ ಬಹುಮಾನ ಕೊಡ್ತಾರೆ, ಇವನು ನಾಲ್ಕನೆಯವನು. ‘ಮುಂದಿರೋ ಒಬ್ಬನ್ನ ಕಾಲು ಕೊಟ್ಟು ಬೀಳಿಸೋ ಮಾರಾಯ’ ಅಂದರೆ ನಗೋನು. ಚಪ್ಪಲಿ ಹಿಡ್ಕೊಂಡು ಕಾಯೋಳು ನಾನು. ಹಿಡ್ಕೊಂಡೇ ಹಳಬಳಾದೆ.”

ದೊಡ್ಡವನಾದ ಮೇಲೆ ಅವನು ಹಗಲೆಲ್ಲ ಬಾವಿಗೆ, ತೊಟ್ಟಿಗೆ ಇಳಿದು ಪಂಪು ಮೇಲೆತ್ತುವ ಕೆಲಸಕ್ಕೆ ಬಿದ್ದ. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಯಲಿಗೆ ಬಂದು, ಬಂದವರಿಗೆ ಓಟ ಹೇಳಿಕೊಡುತ್ತಿದ್ದ. ಬರುವವರೂ ಅವನಂಥವರೇ. ಒಬ್ಬ ವೆಲ್ಡರು, ಒಬ್ಬ ಬಸ್ ಕಂಡಕ್ಟರು, ಗೋದಾಮಿನಲ್ಲಿ ಮೂಟೆ ಹೊರುವ ಕೆಲವರು, ಹತ್ತಿರದ ಆಸ್ಪತ್ರೆಯ ಒಬ್ಬಳು ಎಳೆಯ ನರ್ಸು. ಯಾರೂ ದೊಡ್ಡ ಓಟಗಾರರಾಗುವವರಲ್ಲ. ಹಾಗಂತ ಅವನು ಯಾರನ್ನೂ ಸಲೀಸಾಗಿ ಬಿಡುತ್ತಿರಲಿಲ್ಲ.

ಅವನದು ಒಂದು ರೀತಿ ಇತ್ತು. ಎಲ್ಲರನ್ನೂ ದಾರಿಗೆ ಹಚ್ಚಿ, ತಾನು ಬೇಲಿಯ ಪಕ್ಕದ ಹುಲ್ಲಿನಲ್ಲಿ ಅಂಗಾತ ಮಲಗಿಬಿಡುತ್ತಿದ್ದ. ಮುಖದ ಮೇಲೆ ಟೋಪಿ, ಎದೆಯ ಮೇಲೆ ಕೈ. ನೋಡಿದರೆ ಮೋಸ ಹೋಗುತ್ತೇವೆ, ಕೇಳಿದರೆ ಹೋಗುವುದಿಲ್ಲ ಎನ್ನುತ್ತಿದ್ದ. ಹೆಜ್ಜೆಯ ಸದ್ದು ಕೇಳಿಯೇ ಯಾರ ಎಡಗಾಲು ಭಾರ, ಯಾರು ರಾತ್ರಿ ಸರಿಯಾಗಿ ಉಂಡಿಲ್ಲ, ಯಾರು ಮನೆಯಲ್ಲಿ ಜಗಳ ಆಡಿ ಬಂದಿದ್ದಾರೆ ಎಂದು ಎದ್ದ ಮೇಲೆ ಹೇಳುತ್ತಿದ್ದ. ಅರ್ಧ ಸರಿ ಇರುತ್ತಿತ್ತು, ಅರ್ಧ ಬುರುಡೆ. ಅವನು ಮಲಗಿದ್ದಾಗ ಮಾತಾಡುವಂತಿಲ್ಲ. ನಿಲ್ಲುವಂತಿಲ್ಲ. ಅವನೇ ಎದ್ದು ಸೀಟಿ ಊದಬೇಕು, ಆಗ ನಿಲ್ಲಬೇಕು. ನಡುವೆ ನಿಂತವರಿಗೆ ಬೈಗುಳದ ಮಳೆ. “ನಿಲ್ಲೋಕೆ ಯಾರಪ್ಪ ಹೇಳಿದ ನಿಂಗೆ? ಸೀಟಿ ಕೇಳ್ತಾ? ಕೇಳ್ತಾ ಅಂತ?”

ಹೀಗೆ ವರ್ಷಗಳು ಕಳೆದವು. ಬಯಲಿನಲ್ಲಿ ಹೆಜ್ಜೆ, ಈಚೆ ಕಿಟಕಿಯಲ್ಲಿ ಇಸ್ತ್ರಿಯ ಉಸ್ಸೆನ್ನುವ ಸದ್ದು. ಓಟ ಮುಗಿದ ಮೇಲೆ ಮಿಡತೆ ಕಿಟಕಿಗೆ ಮೊಣಕೈ ಊರಿ ನಿಂತು ಹರಟೆ ಹೊಡೆಯುತ್ತಿದ್ದ. ಆಕೆಯ ಗಂಡ ಮನೆ ಬಿಟ್ಟು ಹೋದ ಕಾಲದಲ್ಲಿ ಅವನು ಆ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕಿಟಕಿಯ ಬಳಿ ನಿಲ್ಲುವ ಹೊತ್ತನ್ನು ಮಾತ್ರ ಸ್ವಲ್ಪ ಹೆಚ್ಚು ಮಾಡಿಕೊಂಡ.

ಆ ಬೆಳಗ್ಗೆಯೂ ಬಂದ. ಕೀಲಿ ಕಿಟಕಿಯಲ್ಲಿಟ್ಟ. “ಮುಖ ಯಾಕೋ ಬೂದಿ ಬಡ್ಕೊಂಡ ಹಾಗಿದೆ?” ಎಂದಳು ಆಕೆ. “ನಿನ್ನ ಇದ್ದಿಲು ಕಣೇ, ಗಾಳಿ ಈ ಕಡೆ ಬೀಸ್ತಿದೆ” ಎಂದ. ಇವತ್ತು ಉದ್ದನೆಯ ಓಟ, ಸೀಟಿ ತಡವಾಗಿ ಬರುತ್ತದೆ, ಯಾರೂ ಬಾಯಿ ಬಿಡಬೇಡಿ ಎಂದು ಎಲ್ಲರಿಗೂ ಹೇಳಿ ಹುಲ್ಲಿಗೆ ಹೋಗಿ ಮಲಗಿದ. ಟೋಪಿ ಮುಖದ ಮೇಲೆ ಎಳೆದುಕೊಂಡ.

ಅವರು ಓಡಿದರು. ಒಂದು ಸುತ್ತು, ಮತ್ತೊಂದು ಸುತ್ತು. ಪ್ರತಿ ಸುತ್ತಿಗೂ ಅವನ ಕಾಲ ಬಳಿಯೇ ಹಾದು ಹೋದರು. ಬಿಸಿಲು ಬೇಲಿಯ ಮೇಲಕ್ಕೆ ಬಂತು. ಕಂಡಕ್ಟರಿಗೆ ಏದುಸಿರು ಹತ್ತಿತು. ಕಿಟಕಿಯ ನೇರಕ್ಕೆ ಬಂದಾಗ ಓಟ ನಿಧಾನ ಮಾಡಿ, “ಅಕ್ಕಾ, ಮೇಷ್ಟ್ರಿಗೆ ನಿದ್ದೆ ಬಂತೋ ಏನೋ?” ಎಂದು ಕೇಳಿದ. ಇಸ್ತ್ರಿ ಅಕ್ಕ ಕಿಟಕಿಯಿಂದ ಇಣುಕಿ ನೋಡಿದಳು. ಟೋಪಿ ಹಾಗೇ ಇತ್ತು, ಕೈ ಎದೆಯ ಮೇಲಿತ್ತು. ತುಟಿಯ ಮೇಲೆ ಬೆರಳಿಟ್ಟಳು.

“ಶ್! ಕೇಳಿಸ್ಕೋತಾ ಇದಾನೆ. ಆಮೇಲೆ ಬೈಸ್ಕೋತೀಯ. ಓಡು, ಓಡು.”

ಅವನು ಓಡಿದ. ಅವನ ಹಿಂದಿನವರೂ ಓಡಿದರು. ಕೊನೆಗೆ ಗೋದಾಮಿನವನೊಬ್ಬ ಕಾಲು ಹಿಡಿದುಕೊಂಡು ಬಿದ್ದು ಕೂಗಿಕೊಂಡ. ಬೈಗುಳ ಬರಲಿಲ್ಲ. ಆಗ ಎಲ್ಲರೂ ಹುಲ್ಲಿನ ಕಡೆ ತಿರುಗಿದರು. ಮೊದಲು ಹೋಗಿ ಮುಟ್ಟಿದವಳು ನರ್ಸು. ಟೋಪಿ ಸರಿಸಿ, ಕುತ್ತಿಗೆಗೆ ಬೆರಳಿಟ್ಟು, ಹಾಗೇ ಕೂತುಬಿಟ್ಟಳು. ಮೈ ಆಗಲೇ ತಣ್ಣಗಾಗುತ್ತಿತ್ತು.

ಎದೆಬಡಿತ ನಿಂತು ಹೋಗಿತ್ತು ಎಂದರು ಡಾಕ್ಟರು. ಬೇಗ ತಂದಿದ್ದರೆ ಉಳಿಯುತ್ತಿದ್ದರೇ ಎಂದು ವೆಲ್ಡರು ಕೇಳಿದ. ಹೇಳಲಾಗುವುದಿಲ್ಲ ಎಂದರು. ಇಲ್ಲ ಎಂದಿದ್ದರೆ ಎಲ್ಲರೂ ಅತ್ತು ಮನೆಗೆ ಹೋಗುತ್ತಿದ್ದರು. ಹೌದು ಎಂದಿದ್ದರೂ ಹೇಗೋ ಹೊತ್ತುಕೊಳ್ಳುತ್ತಿದ್ದರು. ಅವರು ಎರಡೂ ಹೇಳಲಿಲ್ಲ. ಮಿಡತೆಯ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಸುತ್ತ ಇಷ್ಟು ಜನ ಇದ್ರಲ್ಲಾ” ಎಂದಳು. ಆಮೇಲೆ ಮತ್ತೆ, “ಸುತ್ತ ಇಷ್ಟು ಜನ ಇದ್ರಲ್ಲ.” ಬೈದಿದ್ದರೆ ಒಳ್ಳೆಯದಿತ್ತು ಎನ್ನುತ್ತಾಳೆ ಇಸ್ತ್ರಿ ಅಕ್ಕ.

ಕೆಲವು ದಿನ ಬಯಲಿಗೆ ಯಾರೂ ಬರಲಿಲ್ಲ. ಇಸ್ತ್ರಿ ಅಕ್ಕ ಮಾತ್ರ ಹೋಗಿ ಗೇಟು ತೆಗೆದಳು. ಯಾಕೆ ಎಂದರೆ ಆಕೆಗೂ ಗೊತ್ತಿಲ್ಲ. “ಕೈಗೆ ರೂಢಿ. ತೆಗೀದೆ ಇದ್ರೆ ಅವನು ಸತ್ತ ಅಂತ ಒಪ್ಪಿಕೊಂಡ ಹಾಗೆ ಆಗುತ್ತಲ್ಲ” ಎಂದು ಹೇಳಿ, ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಇಸ್ತ್ರಿಯನ್ನು ಜೋರಾಗಿ ಒತ್ತುತ್ತಾಳೆ. ಒಂದು ದಿನ ವೆಲ್ಡರು ಬಂದ. ಮರುದಿನ ಕಂಡಕ್ಟರು. ಓಡಲಿಲ್ಲ, ಬೇಲಿಗೆ ಒರಗಿ ನಿಂತರು. ಹುಲ್ಲಿನ ಆ ಜಾಗದ ಕಡೆಗೆ ಇಬ್ಬರೂ ಬೆನ್ನು ಹಾಕಿದ್ದರು.

ನರ್ಸು ಬರಲೇ ಇಲ್ಲ. ಆಸ್ಪತ್ರೆಗೆ ಹೋಗಿ ಬರುವಾಗ ಅಂಗಡಿಯ ಬೀದಿ ಬಿಟ್ಟು ಸುತ್ತು ಬಳಸಿ ಹೋಗತೊಡಗಿದಳು. ಅವಳ ಯೂನಿಫಾರಂ ಇಸ್ತ್ರಿಗೆ ಬರುವುದು ನಿಂತಿತು. ಆ ಹುಡುಗಿ ಊಟ ಮಾಡುತ್ತಿಲ್ಲ, ವಾರ್ಡಿನಲ್ಲಿ ಮಲಗಿದ ರೋಗಿಗಳನ್ನು ಸುಮ್ಮಸುಮ್ಮನೆ ತಟ್ಟಿ ಎಬ್ಬಿಸುತ್ತಾಳೆ, ಹೀಗೇ ಆದರೆ ಕೆಲಸದಿಂದ ತೆಗೆಯುತ್ತಾರೆ ಎಂದು ಆಸ್ಪತ್ರೆಯ ಆಯಾ ಬಂದು ಹೇಳಿದಳು. ಹೋದವನು ಹೋದ. ಅವನ ಹಿಂದೆಯೇ ಇನ್ನೊಂದು ಜೀವ ಹೊರಟು ನಿಂತಿತ್ತು, ಅದನ್ನು ಹಿಡಿದು ನಿಲ್ಲಿಸುವುದು ತನ್ನ ಪಾಲಿಗೆ ಬಂದಿದೆ ಎಂದು ಇಸ್ತ್ರಿ ಅಕ್ಕನಿಗೆ ಅನಿಸಿತು.

ಆ ಸಂಜೆ ಆಕೆ ನರ್ಸುಗಳ ವಸತಿಗೆ ಹೋದಳು. ಕಬ್ಬಿಣದ ಮಂಚ, ಒಂದು ಕುರ್ಚಿ, ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದ ಬಟ್ಟೆ. ಓಟದ ಬೂಟುಗಳನ್ನು ಮಂಚದ ಅಡಿಗೆ, ಗೋಡೆಯ ಬದಿಗೆ ತಳ್ಳಿತ್ತು. ಏನು ಮಾತಾಡಬೇಕೋ ತೋಚದೆ ಆಕೆ ಯೂನಿಫಾರಂ ಎತ್ತಿ ಹಿಡಿದಳು.

“ಏನೇ ಇದು, ಹಸು ಅಗಿದು ಉಗಿದ ಹಾಗಿದೆ? ಇದನ್ನ ಹಾಕ್ಕೊಂಡು ಹೋಗ್ತೀಯಾ? ರೋಗಿಗಳು ನಿನಗೇ ಸೂಜಿ ಚುಚ್ತಾರೆ.”

ಹುಡುಗಿ ನಗಲಿಲ್ಲ.

“ಬಯಲಿಗೆ ಬಾ” ಎಂದಳು ಆಕೆ. “ಓಡಬೇಡ. ಸುಮ್ಮನೆ ಬಂದು ಕೂರು. ತಪ್ಪು ನಿನ್ನದಲ್ಲ. ಕೇಳಿದ ಕಂಡಕ್ಟರನ ಬಾಯಿ ಮುಚ್ಚಿಸಿದವಳು ನಾನು.”

“ನೀವು ಇಸ್ತ್ರಿ ಮಾಡೋರು ಅಕ್ಕ” ಎಂದಳು ಹುಡುಗಿ. ದನಿ ಏರಲಿಲ್ಲ. “ನಿಮಗೆ ಗೊತ್ತಾಗಲಿಲ್ಲ, ಸರಿ. ನಾನು ನರ್ಸು. ಮಲಗಿದೋರ ಉಸಿರು ನೋಡೋದೇ ನನ್ನ ಕೆಲಸ. ಅವರ ಕಾಲ ಹತ್ರಾನೇ ಹಾದು ಹೋಗಿದೀನಿ. ಒಂದು ಸಲ ಅಲ್ಲ. ಎದೆ ಏಳ್ತಿದೆಯಾ ಇಲ್ವಾ ಅಂತ ನೋಡಲಿಲ್ಲ. ಏನು ಯೋಚನೆ ಮಾಡ್ತಿದ್ದೆ ಗೊತ್ತಾ? ‘ಇವತ್ತು ನನ್ನ ಹೆಜ್ಜೆ ಹಗುರ ಬೀಳ್ತಿದೆ, ಮೇಷ್ಟ್ರಿಗೆ ಕೇಳಿಸ್ತಿರುತ್ತೆ’ ಅಂತ.”

“ಏನಂತ ಹೇಳೋದು? ಸಮಾಧಾನದ ಮಾತೆಲ್ಲ ನಂಗೇ ಯಾರೋ ಹೇಳಿದ್ರು, ನಂಗೇ ತಾಗಿರಲಿಲ್ಲ” ಎನ್ನುತ್ತಾಳೆ ಇಸ್ತ್ರಿ ಅಕ್ಕ ಈಗ. ಆಕೆ ಮುದ್ದೆ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಎದ್ದಳು. “ಅಯ್ಯೋ ಬಿಡಿ ಅಕ್ಕ” ಎಂದು ಹುಡುಗಿ ಎಳೆದಳು. ಆಕೆ ಕೊಡಲಿಲ್ಲ. “ಬೇಕಾದ್ರೆ ಅಂಗಡಿಗೆ ಬಂದು ತಗೊಂಡು ಹೋಗು. ನಾನು ತಂದು ಕೊಡೋಳಲ್ಲ. ಮಂಡಿ ನೋವು.” ಹುಡುಗಿಯ ಬಳಿ ಮೈಮೇಲಿನ ಒಂದು ಜೊತೆ ಬಿಟ್ಟು ಬೇರೆ ಯೂನಿಫಾರಂ ಉಳಿಯಲಿಲ್ಲ.

ಮೂರನೆಯ ದಿನ ಹುಡುಗಿ ಬಂದಳು. ಅಂಗಡಿಯ ಮುಂದೆ ನಿಂತು, ಬಯಲಿನ ಕಡೆ ನೋಡದೆ, ಕೈ ಚಾಚಿದಳು. ಬಟ್ಟೆ ಇನ್ನೂ ಆಗಿಲ್ಲ, ಕೂರು ಎಂದಳು ಇಸ್ತ್ರಿ ಅಕ್ಕ. ಬಟ್ಟೆ ಮೊನ್ನೆಯೇ ಆಗಿ ಮಡಚಿ ಕೂತಿತ್ತು. ಅದು ಹುಡುಗಿಗೂ ಕಾಣುತ್ತಿತ್ತು. ಹಿಂದೆ ಕಿಟಕಿಯಾಚೆ ವೆಲ್ಡರೂ ಕಂಡಕ್ಟರೂ ಸುಮ್ಮನೆ ನಿಂತಿದ್ದರು. ಹುಡುಗಿ ಕೂತಳು. ಆಮೇಲೆ ಹೇಳಿದಳು:

“ಓಡ್ತೀನಿ ಅಂತ ಇಟ್ಕೊಳ್ಳಿ. ನೀವು ಇಲ್ಲಿರ್ತೀರಿ. ನಾನು ಅಲ್ಲಿ ಓಡ್ತಿರ್ತೀನಿ. ನಿಮಗೇನಾದರೂ ಆದರೆ?”

“ನಂಗೇನಾಗುತ್ತೆ? ಕಬ್ಬಿಣ ನಾನು.”

“ಅವರೂ ಹಾಗೇ ಇದ್ರು.”

ಇಸ್ತ್ರಿ ಅಕ್ಕ ಪೆಟ್ಟಿಗೆಯ ಇದ್ದಿಲು ಕೆದಕಿದಳು.

“ನಾನು ಈ ಕಿಟಕಿ ಮುಂದೆ ಬಂದಾಗಲೆಲ್ಲ ಕೂಗ್ತೀನಿ” ಎಂದಳು ಹುಡುಗಿ. “ನೀವು ಓಗೊಡಬೇಕು. ಪ್ರತಿ ಸಲ. ಒಂದು ಸಲ ತಪ್ಪಿದರೂ ನಾನು ಓಡಲ್ಲ, ನಿಂತುಬಿಡ್ತೀನಿ. ಯಾವತ್ತಿಗೂ.”

“ಆಯ್ತು ಕಣೇ. ಗಂಟಲು ಹರಿಯೋವರೆಗೂ ಓಗೊಡ್ತೀನಿ. ಹೋಗು.”

ಮೊದಲ ದಿನ ಹುಡುಗಿ ಒಂದೇ ಸುತ್ತು, ಅದೂ ನಡೆದಳು. ಕಿಟಕಿಯ ಮುಂದೆ ಬಂದು “ಅಕ್ಕಾ” ಎಂದಳು. “ಇದ್ದೀನಿ” ಎಂದಳು ಇಸ್ತ್ರಿ ಅಕ್ಕ. ಆಮೇಲೆ ಮೆಲ್ಲಗೆ ಓಟ ಶುರುವಾಯಿತು. ಉಳಿದವರೂ ಕೂಗತೊಡಗಿದರು, ಯಾರೂ ಯಾಕೆ ಎಂದು ಕೇಳಲಿಲ್ಲ. ಕಂಡಕ್ಟರು ಮೊದಮೊದಲು ಏನೂ ಕೂಗಲಾರದೆ ತಲೆ ತಗ್ಗಿಸಿ ಹಾದು ಹೋಗುತ್ತಿದ್ದ. ಈಗ ಅವನೇ ದೊಡ್ಡ ಗಂಟಲು. “ಒಳಗಿರೋರು ಟಿಕೆಟ್ ತೋರ್ಸಿ!” ಎನ್ನುತ್ತಾನೆ. “ಪಾಸು ಇದೆಯಪ್ಪಾ, ಮುಂದಕ್ಕೆ ಹೋಗು!” ಎನ್ನುತ್ತಾಳೆ ಆಕೆ. ವೆಲ್ಡರದು, “ಬೆಂಕಿ ಆರಿಲ್ಲ ತಾನೆ?” ಆಕೆಯದು, “ಬಾ, ನಿನ್ನ ಬೆನ್ನಿಗೆ ಇಟ್ಟು ತೋರಿಸ್ತೀನಿ!” ನರ್ಸು ಮಾತ್ರ ತಮಾಷೆ ಮಾಡುವುದಿಲ್ಲ. ಅವಳದು ಬರೀ “ಅಕ್ಕಾ.” ಆಕೆಯದು ಬರೀ “ಇದ್ದೀನಿ.”

ಬೀದಿಯವರಿಗೆ ಇದು ಹುಚ್ಚರ ಸಂತೆ. ಮೇಲಿನ ಮನೆಯವರು ಈಗ ಬಾಗಿಲ ಸದ್ದಿನ ಜಗಳ ಬಿಟ್ಟು ಕೂಗಾಟದ ಜಗಳಕ್ಕೆ ಇಳಿದಿದ್ದಾರೆ. ಓಟಕ್ಕೂ ಇದರಿಂದ ಲಾಭವಿಲ್ಲ. ಎಲ್ಲರೂ ಕಿಟಕಿಯ ಬಳಿ ನಿಧಾನವಾಗುತ್ತಾರೆ, ಕಿವಿ ಈ ಕಡೆ ತಿರುಗಿಸುತ್ತಾರೆ, ಓಗೊಟ್ಟ ಮೇಲೇ ಕಾಲು ಬೀಸುತ್ತಾರೆ. ಊರಿನ ಪಂದ್ಯಕ್ಕೆ ಹೋದಾಗ ಇಡೀ ತಂಡ ಹಿಂದೆ ಬಿತ್ತು. ಹುಲ್ಲಿನ ಆ ಜಾಗದಲ್ಲಿ ಈಗ ಯಾರೂ ಮಲಗುವುದಿಲ್ಲ, ಕೂರುವುದೂ ಇಲ್ಲ. ಯಾರ ಹೆಜ್ಜೆ ಭಾರ, ಯಾರದು ಹಗುರ ಎಂದು ಹೇಳುವವರಿಲ್ಲ. ಇಸ್ತ್ರಿ ಅಕ್ಕನಿಗೆ ಅದು ಗೊತ್ತೂ ಆಗುವುದಿಲ್ಲ. “ನಂಗೆ ಎಲ್ಲಾ ಒಂದೇ ಥರ ಧಪಧಪ ಅನ್ಸುತ್ತೆ. ಕುದುರೆ ಹೋದ್ರೂ ಓಗೊಡ್ತೀನೇನೋ” ಎಂದು ನಗುತ್ತಾಳೆ. ದಿನಕ್ಕೆ ನೂರರ ಮೇಲೆ ಬಟ್ಟೆ ಆ ಮೇಜಿನ ಮೇಲೆ ಹಾದು ಹೋಗುತ್ತವೆ. ಬೆಳಗಿನ ಬಟ್ಟೆಗಳೆಲ್ಲ ಈ ಕೂಗಿನ ನಡುವೆಯೇ ಮಡಿಕೆಯಾಗಬೇಕು.

ಮೊನ್ನೆ ನಡೆದದ್ದನ್ನು ಆಕೆ ತಾನಾಗಿ ಹೇಳಲಿಲ್ಲ, ಕಂಡಕ್ಟರು ಹೇಳಿದ. ಹೋಟೆಲಿನ ಹಾಸಿಗೆ ಬಟ್ಟೆಗಳ ಗಂಟು ಬಂದಿತ್ತು, ಒಣಗಿ ರಟ್ಟಾಗಿದ್ದವು. ನೀರು ಚಿಮುಕಿಸುವ ಬಾಟಲಿ ಬೆಳಗ್ಗೆ ಕೈಜಾರಿ ಒಡೆದಿತ್ತು. ಗಿರಾಕಿ ಕಂಡರೆ ಮೂಗು ಮುರಿಯುತ್ತಾರೆ, ಆದರೆ ಆ ಹೊತ್ತಿನಲ್ಲಿ ಯಾರು ನೋಡುತ್ತಾರೆ ಎಂದು ಆಕೆ ತಾಯಿಯ ಕಾಲದ ಹಾಗೆ ಉಗುಳಿ ಚಿಮುಕಿಸಲು ಬಾಯಿ ತುಂಬ ನೀರು ತುಂಬಿಕೊಂಡಳು. ಸರಿಯಾಗಿ ಆಗಲೇ ಕಿಟಕಿಯಾಚೆ “ಅಕ್ಕಾ” ಎಂದು ಕೇಳಿಸಿತು. ಕೆನ್ನೆ ಉಬ್ಬಿಸಿಕೊಂಡೇ ಆಕೆ ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಕೈ ಎತ್ತಿ ಆಡಿಸಿದಳು. ಬೆಳಕಿನ್ನೂ ಮಸುಕು. ಯಾರಿಗೂ ಕಾಣಲಿಲ್ಲ.

ಬಯಲಿನ ಹೆಜ್ಜೆಯೆಲ್ಲ ಒಟ್ಟಿಗೇ ನಿಂತಿತು. ಮರುಗಳಿಗೆ ಧಡಧಡ ಸದ್ದು. ಗೇಟಿಗೆ ಸುತ್ತಿಕೊಂಡು ಬರುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ವೆಲ್ಡರು ತಂತಿಬೇಲಿ ಹತ್ತಿ ಅಂಗಿ ಹರಿದುಕೊಂಡ. ಅತ್ತ ದೂರದ ತಿರುವಿನಲ್ಲಿದ್ದ ಕಂಡಕ್ಟರು ಹುಲ್ಲಿನ ಆ ಜಾಗವನ್ನೇ ತುಳಿದುಕೊಂಡು ಅಡ್ಡ ಹಾಯ್ದು ಬಂದ. ಅವರೆಲ್ಲರಿಗಿಂತ ಮೊದಲು ಬೇಲಿ ಹಾರಿ, ಅಂಗಡಿಯ ಬಾಗಿಲಡಿ ನುಸುಳಿ ಒಳಗೆ ಬಿದ್ದವಳು ನರ್ಸು. ಆಕೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಕುತ್ತಿಗೆಗೆ ಬೆರಳಿಟ್ಟಳು. ಇಸ್ತ್ರಿ ಅಕ್ಕ ಗಟಗಟ ನೀರು ನುಂಗಿದಳು.

“ಬಾಯಲ್ಲಿ ನೀರಿತ್ತು ಕಣೇ! ನೀರು!”

ಬೆರಳು ಕದಲಲಿಲ್ಲ. ಹುಡುಗಿ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಒಳಗೊಳಗೇ ಎಣಿಸುತ್ತಿದ್ದಳು. ಬೇಲಿಯ ಮೇಲೆ ಸಿಕ್ಕಿಕೊಂಡಿದ್ದ ವೆಲ್ಡರು ಅಲ್ಲಿಂದಲೇ, “ಏನಂತೆ? ಏನಂತೆ?” ಎಂದು ಕೂಗುತ್ತಿದ್ದ. “ಬದುಕಿದಾಳೆ ಮಾರಾಯ, ನೀರು ಕುಡೀತಿದ್ಲಂತೆ!” ಎಂದು ಕಂಡಕ್ಟರು ಬಾಗಿಲ ಬಳಿಯಿಂದ ಕೂಗಿದ. ಎಣಿಸುವುದು ಮುಗಿಯುವವರೆಗೂ ಇಸ್ತ್ರಿ ಅಕ್ಕ ಕತ್ತು ಕೊಟ್ಟುಕೊಂಡು ನಿಂತಳು. ಒಂದು ಸಲ ಎಣಿಸಿ ಮುಗಿಸಿ ಹುಡುಗಿ ಮತ್ತೆ ಮೊದಲಿಂದ ಶುರು ಮಾಡಿದಳು.

ಮೇಜಿನ ಕಡೆಯಿಂದ ಸೀದ ವಾಸನೆ ಬಂತು.

ಆ ಬಟ್ಟೆ ಈಗಲೂ ಅಂಗಡಿಯಲ್ಲಿದೆ. ಬಿಳಿಯ ಹಾಸು, ನಟ್ಟನಡುವೆ ಇಸ್ತ್ರಿಯಾಕಾರದ ಕಂದು ಕಲೆ. ಹೋಟೆಲಿನವರು ಬಾಯಿಗೆ ಬಂದ ಹಾಗೆ ಬೈದರು. ಆಕೆ ಕೈಕಟ್ಟಿ ನಿಂತು ಕೇಳಿಸಿಕೊಂಡಳು. ಕಸುಬು ಹಿಡಿದ ಮೇಲೆ ಗಿರಾಕಿಯ ಬಟ್ಟೆಗಳಲ್ಲಿ ಆಕೆ ಸುಟ್ಟದ್ದು ಇದೊಂದೇ. ನೋಡಬೇಕು ಎಂದರೆ ಗಂಟಿನ ಅಡಿಯಿಂದ ತೆಗೆದು, ಮೇಜಿನ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೀಡಿ ತೋರಿಸುತ್ತಾಳೆ.

“ಪೆಟ್ಟಿಗೆ ಕೈಗೆ ಎಟುಕೋ ಹಾಗೇ ಇತ್ತು” ಎನ್ನುತ್ತಾಳೆ. “ವಾಸನೇನೂ ಬಂದಿತ್ತು ನಂಗೆ. ಹುಡುಗಿ ಕೈ ಸರಿಸಿ ಎತ್ತಿದ್ದರೆ ಉಳೀತಿತ್ತು. ಎತ್ತಲಿಲ್ಲ. ಸುಡ್ಲಿ ಅಂತ ಬಿಟ್ಟೆ.”